ಕ್ಯಾಶುವಾಲ್ಟಿ ರಿಜಿಸ್ಟರ್ ಶೀಟ್: ಮಳೆಗಾಲದಿಂದ ತೊಗರಿ ಹೂವಿನವರೆಗೆ

ಶೀಟ್ ಈಗ ಒಂದು ಹದಕ್ಕೆ ಬಂದಿದೆ, ಅದಕ್ಕೆ ಇಲ್ಲಿಯವರೆಗಿನ ಕೆಲಸ ಬರೆದಿಡುತ್ತಿದ್ದೇನೆ. ಹೊಸದಾಗಿ ಓದುವವರಿಗೆ: ನಾನು ಕಲಬುರಗಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸಿಂಗ್ ಆಫೀಸರ್. ಆಡಳಿತ ವೈದ್ಯಾಧಿಕಾರಿಗಳಿಂದ ಬರಹದಲ್ಲಿ ಒಪ್ಪಿಗೆ ತಗೊಂಡು, ಡ್ಯೂಟಿ ಮುಗಿದ ಮೇಲೆ ಕ್ಯಾಶುವಾಲ್ಟಿ ರಿಜಿಸ್ಟರನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಹೆಸರು, ಫೋನ್, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸಿನ) ನಂಬರ್ ಯಾವುದೂ ಶೀಟಿಗೆ ಬರುವುದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ಬಂದ ಹೊತ್ತು, ಏನಾಯಿತು, ಹೇಗಾಯಿತು, ಎಲ್ಲಾಯಿತು. ಇಷ್ಟೇ. ಯಾವ ವಾರ ಯಾವ ಪೆಟ್ಟು, ಯಾವ ವಿಷ, ಯಾವ ಹೊಡೆದಾಟ ಜಾಸ್ತಿಯಾಗುತ್ತಿದೆ ಅನ್ನುವುದು ಆ ವಾರವೇ ಗೊತ್ತಾಗಬೇಕು. ವರ್ಷ ಕಳೆದ ಮೇಲೆ ವರದಿ ಓದಿ ಏನು ಮಾಡೋದು?

ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಸಿಡಿಸಿ (ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ) ಎಮರ್ಜೆನ್ಸಿ ವಿಭಾಗಗಳ ಮಾಹಿತಿಯನ್ನು ಬಹಳ ಬೇಗ ತರಿಸಿಕೊಂಡು, ರೋಗಿ ಬಾಗಿಲಲ್ಲಿ ಹೇಳಿದ ಮಾತು ಮತ್ತು ಡಾಕ್ಟರು ಹಾಕಿದ ಕೋಡ್ ಎರಡರಲ್ಲೂ ಹುಡುಕಿ, ಡ್ರಗ್ ಓವರ್‌ಡೋಸ್, ಗುಂಡೇಟು ಎಲ್ಲಿ ಏರುತ್ತಿದೆ ಅಂತ ನೋಡುತ್ತದೆ. ನನಗೆ ಅದಕ್ಕಿಂತ ಹಿಡಿಸಿದ್ದು ವೇಲ್ಸಿನ ಕಾರ್ಡಿಫ್ ಊರಿನ ಕೆಲಸ. ಅಲ್ಲಿ ಜೊನಾಥನ್ ಶೆಪರ್ಡ್ ಅನ್ನುವ ಮುಖದ ಸರ್ಜನ್, ಹೊಡೆದಾಟದಲ್ಲಿ ಗಾಯಗೊಂಡು ಬಂದವರಲ್ಲಿ ಬಹಳ ಮಂದಿಯ ವಿಷಯ ಪೊಲೀಸರಿಗೆ ಗೊತ್ತೇ ಆಗಿರುವುದಿಲ್ಲ ಅಂತ ಕಂಡುಕೊಂಡರು. ಆಮೇಲೆ ಹೆಸರು ತೆಗೆದು, ಜಾಗ, ಹೊತ್ತು, ಯಾವುದರಿಂದ ಹೊಡೆದರು ಅನ್ನುವುದನ್ನು ಮಾತ್ರ ಪೊಲೀಸರಿಗೂ ನಗರಸಭೆಗೂ ಕೊಡುತ್ತಾ ಹೋದರು. 2011ರಲ್ಲಿ ಬಂದ ಅಧ್ಯಯನದ ಪ್ರಕಾರ, ಅಂಥದ್ದೇ ಬೇರೆ ಊರುಗಳಿಗೆ ಹೋಲಿಸಿದರೆ ಹೊಡೆದಾಟದ ಗಾಯಕ್ಕೆ ಅಡ್ಮಿಟ್ ಆಗುವುದು ಶೇ. 42ರಷ್ಟು ಕಡಿಮೆಯಾಗಿತ್ತು. ಇದಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ. ರಿಸೆಪ್ಷನ್ನಿನಲ್ಲಿ ಕೂತವರು ಎರಡು ಮೂರು ಪ್ರಶ್ನೆ ಜಾಸ್ತಿ ಕೇಳಿದರು.

ಜುಲೈ

ಹಳೆ ಪುಟಗಳನ್ನು ಇಳಿಸುವುದರಲ್ಲೇ ತಿಂಗಳು ಹೋಯಿತು. ನನ್ನ ತಮ್ಮ ಪೈಥಾನಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟ. ದೂರು ಬರೆದ ಸಾಲಿನಲ್ಲಿ ಪದ ಹುಡುಕಿ ಗುಂಪು ಮಾಡುತ್ತದೆ. ಕೆಲಸ ಸುಲಭ ಅನಿಸಬಹುದು, ಆದರೆ ನಮ್ಮ ಕಡೆ ಮಾತು ಒಂದೇ ಥರ ಇರುವುದಿಲ್ಲ ಅಲ್ವಾ. "ಹೊಲದಾಗ ಹುಳ ಮುಟ್ಟೇದ್ರಿ ಸಿಸ್ಟರ್" ಅಂದರೆ ಹಾವು ಕಚ್ಚಿದೆ ಅಂತ, ಇನ್ನೊಬ್ಬರು ಅದನ್ನೇ "ಸಾಂಪ್ ಕಾಟಾ" ಅನ್ನುತ್ತಾರೆ. "ಎಣ್ಣಿ ಕುಡಿದಾನ್ರಿ" ಅಂದರೆ ಬೆಳೆಗೆ ಹೊಡೆಯುವ ಔಷಧವೂ ಆಗಬಹುದು, ಸಾರಾಯಿಯೂ ಆಗಬಹುದು. ನಮ್ಮವರೇ ಬರೆಯುವ "ಓಪಿ" ಒಂದು ಸಾಲಿನಲ್ಲಿ ಕೀಟನಾಶಕದ ವಿಷ, ಮತ್ತೊಂದರಲ್ಲಿ ಹೊರರೋಗಿ. ಹಾಗಾಗಿ ಒಂದು ಪದ ಸಿಕ್ಕ ಮಾತ್ರಕ್ಕೆ ಗುಂಪಿಗೆ ಹಾಕುವುದಿಲ್ಲ, ಜೊತೆಗೆ ಇನ್ನೊಂದು ಗುರುತು ಬೇಕು: ಅಟ್ರೊಪಿನ್ ಕೊಟ್ಟಿದ್ದರೆ ಕೀಟನಾಶಕ, ಹಾವಿನ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಹಾವು. ಅನುಮಾನ ಇದ್ದ ಸಾಲನ್ನು ನಾನೇ ಓದುತ್ತೇನೆ.

ಎಣಿಕೆಯಲ್ಲೂ ಒಂದು ನಿಯಮ ಮಾಡಿದೆವು. ಬರೀ ಸಂಖ್ಯೆ ನೋಡುವುದಿಲ್ಲ, ಪ್ರತಿ 1,000 ಭೇಟಿಗೆ ಎಷ್ಟು ಅಂತ ನೋಡುತ್ತೇವೆ. ಜಾತ್ರೆ, ಸಂತೆ ಇದ್ದ ದಿನ ಎಲ್ಲಾ ಥರದ ರೋಗಿಗಳೂ ಜಾಸ್ತಿ ಬರುತ್ತಾರೆ.

ಆಗಸ್ಟ್, ಸೆಪ್ಟೆಂಬರ್

ಹಾವು. ಮಳೆ ಶುರುವಾದ ಮೇಲೆ ಶೀಟಿನಲ್ಲಿ ಈ ಗುಂಪು ಎದ್ದು ಕಾಣುತ್ತದೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ, ಹಾಗಾಗಿ ಸಂಖ್ಯೆ ಹೇಗೂ ಮೇಲೆ ಹೋಗುತ್ತದೆ. ನಾನು ಸೇರಿಸಿದ್ದು "ಏನು ಮಾಡುತ್ತಿದ್ದರು" ಅನ್ನುವ ಒಂದು ಕಾಲಂ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಬಿಡಲು ಹೋದವರು, ಬರಿಗಾಲಲ್ಲಿ ಕಳೆ ತೆಗೆಯುತ್ತಿದ್ದವರು, ನೆಲದ ಮೇಲೆ ಮಲಗಿದ್ದವರು. ಈ ಮೂವರಿಗೂ ಬೇಕಾದ ಪರಿಹಾರ ಬೇರೆ ಬೇರೆ. ಮೊದಲನೆಯವರಿಗೆ ಹಗಲು ಕರೆಂಟ್ ಮತ್ತು ಬ್ಯಾಟರಿ (ಟಾರ್ಚ್), ಎರಡನೆಯವರಿಗೆ ಬೂಟು, ಮೂರನೆಯವರಿಗೆ ಮಂಚ, ಸೊಳ್ಳೆ ಪರದೆ.

ಕಟ್ಟುಹಾವಿನ ವಿಷಯ ಮಾತ್ರ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಅದು ಮಲಗಿದವರನ್ನು ಕಚ್ಚುತ್ತದೆ, ಗುರುತು ಬಹಳ ಸಣ್ಣದು, ಎಷ್ಟೋ ಸಲ ಕಾಣುವುದೇ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾರೆ, ಆಮೇಲೆ ರೆಪ್ಪೆ ಜೋತುಬೀಳುತ್ತದೆ. ರಿಜಿಸ್ಟರಿನಲ್ಲಿ ಅದು ಹೊಟ್ಟೆನೋವಾಗಿಯೇ ಉಳಿಯುತ್ತದೆ. ಅದಕ್ಕೆ ಕೊನೆಯ ಡಯಾಗ್ನೋಸಿಸ್ ಕೂಡ ವಾರದ ಕೊನೆಗೆ ಶೀಟಿಗೆ ಸೇರಿಸುತ್ತಿದ್ದೇನೆ.

ಅಕ್ಟೋಬರ್, ನವೆಂಬರ್

ಹತ್ತಿಗೆ ಔಷಧ ಹೊಡೆಯುವುದು ನಡೆದಿರುತ್ತದೆ, ತೊಗರಿ ಹೂ ಬಿಟ್ಟು ಕಾಯಿಕೊರಕಕ್ಕೂ ಶುರುವಾಗುತ್ತದೆ. ಕೀಟನಾಶಕದ ಕೇಸುಗಳಲ್ಲಿ ಎರಡು ಥರ. ಹೊಡೆಯುವಾಗ ಚರ್ಮದಿಂದ, ಉಸಿರಿನಿಂದ ಮೈಗೆ ಸೇರಿದ್ದು ಒಂದು. ತಾವಾಗಿ ಕುಡಿದದ್ದು ಇನ್ನೊಂದು. ರೋಗಗಳಿಗೆ ಡಾಕ್ಟರು ಬಳಸುವ ಐಸಿಡಿ-10 ಕೋಡಿನಲ್ಲಿ ಮೊದಲನೆಯದು ಎಕ್ಸ್48, ಎರಡನೆಯದು ಎಕ್ಸ್68, ಗೊತ್ತಾಗದಿದ್ದರೆ ವೈ18. ಮನೆಯವರು ಎಷ್ಟೋ ಸಲ "ಹೊಡೀವಾಗ ಆತ್ರಿ" ಅಂತಾರೆ, ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿಕೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ಬೇರೆ ಅಂತ ಸಾಬೀತಾಗದ ಹೊರತು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ. ಇದನ್ನು ಮನೆಯವರಿಗೆ ಮೆಲ್ಲಗೆ ಹೇಳುತ್ತೇನೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಬರೆದುಕೊಡುತ್ತೇನೆ. ಶೀಟಿಗಾಗಿ ಯಾರನ್ನೂ ಒತ್ತಾಯ ಮಾಡಿ ಕೇಳುವುದಿಲ್ಲ. "ಗೊತ್ತಾಗಿಲ್ಲ" ಅನ್ನುವುದೂ ಸರಿಯಾದ ಉತ್ತರವೇ.

ಯಾವ ಔಷಧ ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಬಾಟಲಿ ತನ್ನಿ ಅಂತ ಹೇಳಿ, ಲೇಬಲ್ ನೋಡಿ ಬರೆಯುತ್ತೇನೆ. ಶ್ರೀಲಂಕಾದಲ್ಲಿ 1980ರ ದಶಕದಿಂದ ತೀರಾ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಲ್ಲಿಸಿದರು, 1995ರಿಂದ 20 ವರ್ಷದಲ್ಲಿ ಆತ್ಮಹತ್ಯೆ ಸುಮಾರು ಶೇ. 70 ಇಳಿಯಿತು. ಯಾವುದು ಜೀವ ತೆಗೆಯುತ್ತಿದೆ ಅಂತ ಹೆಸರು ಸಮೇತ ಗೊತ್ತಿದ್ದರೆ ತಾನೇ ಅದನ್ನು ನಿಲ್ಲಿಸಿ ಅಂತ ಕೇಳೋದು? "ಅಪರಿಚಿತ ವಿಷ" ಅಂತ ಬರೆದ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಅಮೆರಿಕದಲ್ಲಿ ಓವರ್‌ಡೋಸ್ ಅಂದರೆ ಹೆಚ್ಚಾಗಿ ಫೆಂಟನಿಲ್ (ಬಹಳ ಬಲವಾದ ನೋವಿನ ಮದ್ದು) ಥರದ್ದು. ಇಲ್ಲಿ ನಾನು ಮಾತ್ರೆ, ಸಾರಾಯಿ, ಸೇಂದಿ (ಈಚಲ, ತಾಳೆ ಮರದ ಹೆಂಡ) ಅಂತ ಬೇರೆ ಬೇರೆ ಇಟ್ಟಿದ್ದೇನೆ. ತೆಲಂಗಾಣ ಕಡೆಯ ಸೇಂದಿಗೆ ಕ್ಲೋರಲ್ ಹೈಡ್ರೇಟ್, ಅಂದರೆ ಸಿಎಚ್ ಪೌಡರ್ ಬೆರೆಸುವುದು ಹಳೆ ಪಿಡುಗು, ಗಡಿ ತಾಲೂಕುಗಳವರು ಇದನ್ನು ನೋಡಲೇಬೇಕು. ಕುಡಿದಾಗಷ್ಟೇ ಅಪಾಯ ಅಂದುಕೊಳ್ಳಬೇಡಿ. ಅಂಗಡಿ ಮುಚ್ಚಿ ಸೇಂದಿ ಸಿಗದಿದ್ದಾಗ ಫಿಟ್ಸ್ ಬಂದು, ಏನೇನೋ ಮಾತಾಡುತ್ತಾ ಬರುತ್ತಾರೆ. ಕಾರಣ ಬರೆಯದಿದ್ದರೆ ಅದು ಫಿಟ್ಸ್ ಕೇಸ್ ಅಂತ ಮುಗಿದುಹೋಗುತ್ತದೆ.

ಈಗ ನಡೆಯುತ್ತಿರುವುದು

ರಸ್ತೆ ಅಪಘಾತದ ಕಾಲಂನಲ್ಲಿ "ಜೇವರ್ಗಿ ರಸ್ತೆ" ಅಂತ ಬರೆದರೆ ಸಾಲದು, ಯಾವ ಕ್ರಾಸ್, ಯಾವ ಧಾಬಾ ಹತ್ತಿರ ಅಂತ ಬೇಕು. 108ರ ಹುಡುಗರಿಗೆ ಜಾಗ ಸರಿಯಾಗಿ ಗೊತ್ತಿರುತ್ತದೆ, ಅವರನ್ನೇ ಕೇಳಿ ಬರೆಯುತ್ತಿದ್ದೇವೆ. ಹೆಲ್ಮೆಟ್ ಇತ್ತೋ ಇಲ್ಲವೋ, ಎದುರಿಗೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದೆ ರಿಫ್ಲೆಕ್ಟರ್ ಇತ್ತೋ ಇಲ್ಲವೋ, ಇವೂ ಸೇರಿವೆ. ಅಫಜಲಪುರ ಕಡೆ ಕಬ್ಬು ಸಾಗಿಸುವ ದಿನಗಳಲ್ಲಿ ಆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಸ್ಥಳದಲ್ಲೇ ಹೋದವರು ಕ್ಯಾಶುವಾಲ್ಟಿಗೆ ಬರುವುದೇ ಇಲ್ಲ, ಅವರನ್ನು ಪೊಲೀಸ್ ದಾಖಲೆಯಿಂದಲೇ ತಿಳಿಯಬೇಕು. ನಮ್ಮಲ್ಲಿಂದ ಕಲಬುರಗಿಗೆ ರೆಫರ್ ಆದವರನ್ನು ಅಲ್ಲಿ ಎರಡನೇ ಸಲ ಎಣಿಸದಂತೆ ರೆಫರ್ ಗುರುತು ಹಾಕಿದ್ದೇನೆ.

ಹೆಣ್ಣುಮಕ್ಕಳ ಗಾಯದ ವಿಷಯಕ್ಕೆ ಬಹಳ ಯೋಚಿಸಿದೆ. ಗಂಡ, ಅತ್ತೆ ಪಕ್ಕದಲ್ಲೇ ನಿಂತಿರುವಾಗ ಎಲ್ಲರೂ "ಬಚ್ಚಲದಾಗ ಜಾರಿ ಬಿದ್ದೆ" ಅಂತಲೇ ಹೇಳುತ್ತಾರೆ. ಹಾಗಾಗಿ ಡ್ರೆಸ್ಸಿಂಗ್ ಮಾಡುವಾಗ ಪರದೆ ಎಳೆದು, ಒಬ್ಬರನ್ನೇ ಇಟ್ಟುಕೊಂಡು ಕೇಳುತ್ತೇವೆ. ಹೇಳಿದರೆ ನೊಂದ ಹೆಣ್ಣುಮಕ್ಕಳಿಗೆ ನೆರವು ಕೊಡುವ ಸಖಿ ಕೇಂದ್ರ, 181 ಸಹಾಯವಾಣಿ ಬಗ್ಗೆ ತಿಳಿಸುತ್ತೇವೆ. ಶೀಟಿನಲ್ಲಿ ನಾನಾಗಿ ಊಹಿಸಿ ಏನನ್ನೂ ಹಾಕುವುದಿಲ್ಲ. ಒಂದು ಗುಂಪಿನಲ್ಲಿ 5ಕ್ಕಿಂತ ಕಡಿಮೆ ಜನ ಇದ್ದರೆ ಆ ಸಂಖ್ಯೆಯನ್ನು ಹೊರಗೆ ತೋರಿಸುವುದೂ ಇಲ್ಲ. ಸಣ್ಣ ಊರು, ಯಾರು ಅಂತ ಜನ ತಕ್ಷಣ ಗುರುತು ಹಿಡಿಯುತ್ತಾರೆ.

ಮುಂದಿನ ಕೆಲಸ ಒಂದು ರಬ್ಬರ್ ಸ್ಟ್ಯಾಂಪ್. ಹೇಗೆ, ಎಲ್ಲಿ, ಏನು ಮಾಡುವಾಗ, ಯಾವುದರಿಂದ, ಈ ನಾಲ್ಕು ಮನೆ ಇರುವಂಥದ್ದು. ನೈಟ್ ಡ್ಯೂಟಿಯಲ್ಲಿ ಒಬ್ಬರೇ ಇದ್ದಾಗಲೂ ತುಂಬಲು ಆಗುವಷ್ಟು ಚಿಕ್ಕದಿರಬೇಕು. ಅದಾದ ಮೇಲೆ ರಸ್ತೆ ಭಾಗದ ಸಾರಾಂಶವನ್ನು ನಮ್ಮ ಸಾಹೇಬರ ಮೂಲಕ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕಳಿಸುವುದು. ಯಾದಗಿರಿ, ಬೀದರ್ ಕಡೆ ಕ್ಯಾಶುವಾಲ್ಟಿಯಲ್ಲಿ ಇರುವವರು ನಿಮ್ಮಲ್ಲಿ ವಿಷಕ್ಕೆ, ಹಾವಿಗೆ, ಹೊಡೆದಾಟಕ್ಕೆ ರೋಗಿಗಳು ಏನೇನು ಅಂತಾರೆ ಅಂತ ಬರೆದು ಕಳಿಸಿ. ನನ್ನ ಪಟ್ಟಿಯಲ್ಲಿ ಬೀದರ್ ಕಡೆಯ ಮರಾಠಿ ಮಾತುಗಳು ಇನ್ನೂ ಸೇರಿಲ್ಲ.