ಕೊಚ್ಚಿಯ ಬಜಾರ್ ರೋಡ್: ಆಟೋ ಬಿಡಿ, ನಡೆದು ನೋಡಿ

ಕೊಚ್ಚಿಗೆ ಹೋದವರು ಚೀನೀ ಬಲೆಗಳ ಮುಂದೆ ಫೋಟೊ ತೆಗೆಸಿಕೊಂಡು, ಆಟೋ ಹತ್ತಿ ನೇರ ಯೆಹೂದಿ ಬೀದಿಗೆ ಹೋಗಿಬಿಡುತ್ತಾರೆ. ನಡುವೆ ಸಿಗುವ ಬಜಾರ್ ರೋಡ್ ಯಾರಿಗೂ ಬೇಡ. ನನ್ನ ಕೇಳಿದರೆ ಈ ಬಂದರಿನ ಅಸಲಿ ಕತೆ ಇರುವುದು ಅಲ್ಲೇ.

ಎರ್ನಾಕುಲಂನಿಂದ ಬಸ್ಸು, ಕಾರು ಬೇಡ. ಹೈಕೋರ್ಟ್ ಹತ್ತಿರ ವಾಟರ್ ಮೆಟ್ರೊ ದೋಣಿ ಹತ್ತಿ ಫೋರ್ಟ್ ಕೊಚ್ಚಿಯಲ್ಲಿ ಇಳಿಯಿರಿ. ಅಲ್ಲಿಂದ ಕಾಲ್ವತ್ತಿ ದಾಟಿದರೆ ಬಜಾರ್ ರೋಡ್ ಶುರು. ಉದ್ದಕ್ಕೂ ಹಳೇ ಹೆಂಚಿನ ಗೋದಾಮುಗಳು. ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ನೀರಿಗೆ. ಯಾಕೆ ಅಂದರೆ, ಆಗ ದೊಡ್ಡ ಹಡಗುಗಳು ಒಳಗೆ ಬರುವಂತಿರಲಿಲ್ಲ. ಅಳಿವೆಯ ಮರಳ ದಿಬ್ಬ ಅಡ್ಡ ಇತ್ತು. ಹೊರಗೆ ಲಂಗರು ಹಾಕಿದ ಹಡಗಿಗೂ ಈ ಹಿಂಬಾಗಿಲಿಗೂ ನಡುವೆ ದೋಣಿಗಳು ಓಡಾಡುತ್ತಿದ್ದವು. ಪೋರ್ಚುಗೀಸರಿದ್ದಾಗಲೂ, 1663ರಲ್ಲಿ ಡಚ್ಚರು ಬಂದಮೇಲೂ, 1795ರಲ್ಲಿ ಇಂಗ್ಲಿಷರು ಬಂದಮೇಲೂ ಮೆಣಸು, ಶುಂಠಿ ಹೀಗೇ ಸಾಗಿದ್ದು. 1889ರಲ್ಲಿ ಬೆಂಕಿ ಹತ್ತಿದ ಒಂದು ಹಡಗು ತೇಲಿಬಂದು ದಡದ ಗೋದಾಮುಗಳನ್ನು ಸುಟ್ಟಿತು. ವ್ಯಾಪಾರ ಮಾತ್ರ ನಿಲ್ಲಲಿಲ್ಲ.

ಬೀದಿಯ ದೆಸೆ ತಿರುಗಿದ್ದು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಕಾಲದಲ್ಲಿ. ಆತ ಮರಳ ದಿಬ್ಬ ತೋಡಿಸಿದ. 1928ರಲ್ಲಿ ಹಡಗು ಒಳಗೇ ಬಂತು. ತೋಡಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪ ಎದ್ದಿತು, ಬಂದರು ಅಲ್ಲಿಗೆ ಹೋಯಿತು. ಹಿಂಬಾಗಿಲಿಗೆ ಕೆಲಸ ಇಲ್ಲದಾಯಿತು, ಅಲ್ವಾ? ಈಗ ಸರಕು ಬರುವುದು ಲಾರಿಯಲ್ಲಿ. ಕೆಲವು ಗೋದಾಮುಗಳು ಕೆಫೆ, ಗ್ಯಾಲರಿ ಆಗಿವೆ. ಅಂಥ ಕಡೆ ಒಂದು ಚಹಾ ಹೇಳಿ ಹಿಂದಕ್ಕೆ ಹೋದರೆ ನೀರಿನ ಅಂಚು ಸಿಗುತ್ತದೆ. ವ್ಯಾಪಾರ ನಡೆಯುವ ಗೋದಾಮಾದರೆ ಕೇಳಿಯೇ ಒಳಗೆ ಕಾಲಿಡಿ.

ದಿನ ನೋಡಿಕೊಂಡು ಹೋಗಿ. ಭಾನುವಾರ ಬಾಗಿಲು ಮುಚ್ಚಿದ ಅಂಗಡಿಗಳೇ ಜಾಸ್ತಿ. ಶುಕ್ರವಾರ ರಸ್ತೆಯ ಕೊನೆಗೆ ಸಿಗುವ ಮಟ್ಟಂಚೇರಿ ಅರಮನೆಗೆ ರಜೆ, ಶನಿವಾರ ಅಲ್ಲೇ ಇರುವ 1568ರ ಯೆಹೂದಿ ಪ್ರಾರ್ಥನಾಲಯ ಸಿನಗಾಗ್‌ಗೆ ರಜೆ. ಸೋಮವಾರದಿಂದ ಗುರುವಾರದೊಳಗೆ, ಬೆಳಿಗ್ಗೆಯೇ ಸರಿ. ಫುಟ್‌ಪಾತ್ ನಂಬಬೇಡಿ, ಲಾರಿಗಳಿಗೆ ದಾರಿ ಬಿಡುತ್ತಾ ನಡೆಯಬೇಕು. ಸೆಕೆ ವಿಪರೀತ, ನೀರಿನ ಬಾಟಲಿ ಇರಲಿ. ಮೆಣಸು, ಏಲಕ್ಕಿ ಬೇಕಿದ್ದರೆ ಯೆಹೂದಿ ಬೀದಿಗಿಂತ ಇಲ್ಲೇ ವಿಚಾರಿಸಿ.

ಸಸ್ಯಾಹಾರಿಗಳಿಗೆ ಗುಜರಾತಿ ರೋಡ್ ಹತ್ತಿರವೇ ಇದೆ. ಕರಾವಳಿಯ ಕೊಂಕಣಿಗರು ತಿರುಮಲ ದೇವಸ್ವಂ ಕಡೆಗೂ ಹೋಗಿಬನ್ನಿ. ಗೋವಾ ಬಿಟ್ಟು ಬಂದ ನಿಮ್ಮವರದೇ ದೇವಸ್ಥಾನ ಅದು, ಮಾತಿಗೆ ಜನ ಸಿಗುತ್ತಾರೆ.