ಮಿನಿ ಟ್ರ್ಯಾಕ್ಟರ್ ಸ್ಟೇರಿಂಗ್‌ಗೆ ಬುಗುರಿ ಕೂರಿಸಿದ್ದು: ಇಲ್ಲಿಯವರೆಗಿನ ಲೆಕ್ಕ

ಹೋದ ಸಲ ಟ್ರಾಲಿಯ ಹಿಂಬಾಗಿಲಿಗೆ ಕೀಲು ಹಾಕಿದ್ದು ಬರೆದಿದ್ದೆ. ಈ ಸಲದ ಕೆಲಸ ಅದಕ್ಕಿಂತ ಚಿಕ್ಕದು, ಅಂಗೈಯಲ್ಲಿ ಹಿಡಿಯುವಷ್ಟು. ಆದರೆ ಅದೇ ನನ್ನನ್ನು ಒಂದು ತಿಂಗಳು ಆಡಿಸಿತು.

ಸ್ಟೇರಿಂಗ್ ನಾಬ್ ಅಂದರೆ ಸ್ಟೇರಿಂಗ್ ಬಳೆಗೆ ಕ್ಲ್ಯಾಂಪ್ ಹಾಕಿ ಕೂರಿಸುವ, ತನ್ನಷ್ಟಕ್ಕೆ ಗಿರಗಿರ ತಿರುಗುವ ಗುಬುಟು. ಅಂಗಡಿಯಲ್ಲಿ ಪವರ್ ಹ್ಯಾಂಡಲ್ ಅಂತಲೂ ಮಾರುತ್ತಾರೆ. ಫೋರ್ಕ್‌ಲಿಫ್ಟ್ ಓಡಿಸುವವರು ಒಂದೇ ಕೈಯಲ್ಲಿ ಸ್ಟೇರಿಂಗ್ ಚಕ್ರವನ್ನು ಸುಯ್ಯನೆ ತಿರುಗಿಸುವುದನ್ನು ನೋಡಿರುತ್ತೀರಿ, ಅದೇ ಇದು. ನಮ್ಮ ಮನೆಯಲ್ಲಿ ಇದಕ್ಕೆ ಬುಗುರಿ ಅಂತ ಹೆಸರು ಬಿತ್ತು. ಆಯಿ ಮಾತ್ರ ಒಂದು ಸಲ ಮುಟ್ಟಿ ನೋಡಿ, "ಇದು ಬೀಸುಕಲ್ಲಿನ ಗೂಟ ಅಲ್ದನೋ ತಮಾ" ಅಂದಳು. ಸರಿಯಾಗೇ ಹೇಳಿದಳು. ಬೀಸುಕಲ್ಲಿಗೆ ಗೂಟ ಯಾಕೆ ಅಂಚಿನಲ್ಲಿರುತ್ತದೋ ಅದೇ ಲೆಕ್ಕ ಇಲ್ಲೂ ನಡೆಯುತ್ತದೆ. ಅದು ನನಗೆ ಹೊಳೆದದ್ದು ಮಾತ್ರ ತಡವಾಗಿ.

ಯಾಕೆ ಬೇಕಾಯಿತು

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆ. ತೋಟ ಕೆಳಗೆ ಕಣಿವೆಯಲ್ಲಿ, ಸೊಪ್ಪಿನ ಬೆಟ್ಟ ಮೇಲೆ, ಮನೆ ಅಂಗಳ ನಡುವೆ. ಸೊಪ್ಪು ಇಳಿಸಬೇಕು, ಗೊಬ್ಬರ ಇಳಿಸಬೇಕು, ಕೊನೆಕೊಯ್ಲು ಬಂದರೆ ಅಡಿಕೆ ಕೊನೆ ಹತ್ತಿಸಬೇಕು. ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್, 18 ಎಚ್‌ಪಿ ಚಿಲ್ಲರೆ, ಪವರ್ ಸ್ಟೇರಿಂಗ್ ಇಲ್ಲ. ಈ ಕಡೆಯ ತುದಿಯಿಂದ ಆ ಕಡೆಯ ತುದಿಗೆ ಸ್ಟೇರಿಂಗ್ ಚಕ್ರ ಮೂರೂವರೆ ಸುತ್ತು. ಅಂಗಳದಲ್ಲಿ ಟ್ರಾಲಿ ರಿವರ್ಸ್ ಹಾಕುವಾಗ ಎಡಗೈ ಸ್ಟೇರಿಂಗ್ ಮೇಲೆ, ಬಲಗೈ ಒಮ್ಮೆ ಆಕ್ಸಿಲರೇಟರ್ ಲಿವರ್ ಮೇಲೆ, ಒಮ್ಮೆ ಹೈಡ್ರಾಲಿಕ್ ಮೇಲೆ, ಕುತ್ತಿಗೆ ಪೂರ್ತಿ ಹಿಂದೆ. ದೊಡ್ಡಹಬ್ಬ ಮುಗಿದು ಗೊಬ್ಬರದ ಕೆಲಸ ಶುರುವಾದ ವಾರಕ್ಕೇ ಎಡ ಭುಜ ಹಿಡಿದುಕೊಂಡಿತು. ರಾತ್ರಿ ಮಗ್ಗುಲು ಬದಲಿಸಲಿಕ್ಕೆ ಆಗುತ್ತಿರಲಿಲ್ಲ.

ಅಮೆರಿಕದ ಕಡೆ ಹುಲ್ಲು ಕತ್ತರಿಸುವ ಗಾರ್ಡನ್ ಟ್ರ್ಯಾಕ್ಟರ್ ಇಟ್ಟುಕೊಂಡವರು, ಮುಂದೆ ಲೋಡರ್ ಬಕೆಟ್ ಕಟ್ಟಿಕೊಂಡವರು ಇದನ್ನು ಬಹಳ ಹಾಕುತ್ತಾರೆ. ಅವರ ಬಲಗೈ ಬಕೆಟ್ ಲಿವರ್ ಬಿಡುವ ಹಾಗಿಲ್ಲ, ಚಕ್ರ ಪೂರ್ತಿ ಎಡಗೈ ಪಾಲು. ನನ್ನದೂ ಅದೇ ಪಾಡು ಅಂದುಕೊಂಡು ಒಂದು ತರಿಸಿದೆ.

ದಿನ 1

ಕೂರಿಸುವುದು ಹತ್ತು ನಿಮಿಷದ ಕೆಲಸ ಅಂತ ಡಬ್ಬಿ ಮೇಲೆ ಬರೆದಿತ್ತು. ಎರಡು ತಾಸು ಹಿಡಿಯಿತು. ಕ್ಲ್ಯಾಂಪ್ ಮಾಡಿರುವುದು ಕಾರಿನ ದಪ್ಪ ಬಳೆಗೆ. ನಮ್ಮ ಟ್ರ್ಯಾಕ್ಟರಿನದು ತೆಳು, ಗಟ್ಟಿ ಪ್ಲಾಸ್ಟಿಕ್ ಬಳೆ. ಎಷ್ಟು ಬಿಗಿದರೂ ಜಾರುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಎರಡು ಸುತ್ತು ಸುತ್ತಿ, ಅದರ ಮೇಲೆ ಕ್ಲ್ಯಾಂಪ್ ಹಾಕಿ, ಕೊಟ್ಟಿದ್ದ ನಟ್ ಬಿಸಾಡಿ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇದ್ದು ತಾನಾಗಿ ಸಡಿಲಾಗದ ನಟ್) ಹಾಕಿದೆ. ಆಮೇಲೆ ಮಿಸುಕಲಿಲ್ಲ. ಈ ಟ್ಯೂಬಿನ ವಿಷಯ ಸಣ್ಣದಲ್ಲ. ತಿರುವಿನ ಮಧ್ಯೆ ಕ್ಲ್ಯಾಂಪ್ ಜಾರಿದರೆ ನಿಮ್ಮ ಕೈ ಒಂದು ಕಡೆ ಹೋಗುತ್ತದೆ, ಚಕ್ರ ಅಲ್ಲೇ ಇರುತ್ತದೆ.

ಜಾಗ: ಮುಂದಿನ ಗಾಲಿ ನೇರ ಇದ್ದಾಗ ಗಡಿಯಾರದ 9 ಮತ್ತು 10ರ ನಡುವೆ. ಮೊದಲು 12ರ ಹತ್ತಿರ ಇಟ್ಟಿದ್ದೆ, ಡೀಸೆಲ್ ಮುಳ್ಳು ಕಾಣದಾಯಿತು, ಮೊಣಕೈ ಕೂಡ ಎತ್ತಿ ಹಿಡಿಯಬೇಕಾಯಿತು. ಇನ್ನೊಂದು, ಗುಬುಟು ಬಳೆಯ ಒಳಗಿನ ಕಡೆಗೆ ಬರಬೇಕು. ಬಳೆಯಿಂದ ಹೊರಗೆ ಚಾಚಿಕೊಂಡರೆ ಅಂಗಿ ತೋಳಿಗೋ ಹೆಗಲ ಮೇಲಿನ ಟವೆಲ್ಲಿಗೋ ಸಿಕ್ಕಿಹಾಕಿಕೊಳ್ಳುತ್ತದೆ.

ದಿನ 4

ಭುಜ ನೋವು ಕಡಿಮೆಯಾಗಲಿಲ್ಲ. ಜಾಸ್ತಿಯಾಯಿತು!

ಇಲ್ಲಿ ಸ್ವಲ್ಪ ತಲೆ ಓಡಿಸಬೇಕಾಯಿತು. ಅಳತೆ ಟೇಪು ತಂದೆ. ಚಕ್ರದ ನಡುವಿನಿಂದ ಬಳೆಗೆ 19 ಸೆಂಟಿಮೀಟರ್. ನಡುವಿನಿಂದ ಗುಬುಟಿನ ನಡುವಿಗೆ 15.5. ಅಂದರೆ ನಾನು ಹಿಡಿಯುವ ಜಾಗ ಒಳಗೆ ಸರಿದಿದೆ, ಸನ್ನೆಕೋಲು ಗಿಡ್ಡ ಆಗಿದೆ. ಬೀಸುಕಲ್ಲಿನ ಗೂಟವನ್ನು ಅಂಚಿನಿಂದ ಒಳಗೆ ತಂದ ಹಾಗೆ. ಅದೂ ಅಲ್ಲದೆ ಮೊದಲು ಬಿಗಿಯಾದಲ್ಲಿ ಬಲಗೈಯನ್ನೂ ಹಾಕಿ ಎಳೆಯುತ್ತಿದ್ದೆ, ಈಗ ಒಂದೇ ಕೈ. ಬುಗುರಿ ಚಕ್ರವನ್ನು ಹಗುರ ಮಾಡುವುದಿಲ್ಲ. ಬೇಗ ತಿರುಗಿಸಲಿಕ್ಕೆ ಬಿಡುತ್ತದೆ, ಅಷ್ಟೇ. ಹೆಸರು ಪವರ್ ಹ್ಯಾಂಡಲ್ ಆದರೂ ಅದರಲ್ಲಿ ಪವರ್ ಇಲ್ಲ, ಹ್ಯಾಂಡಲ್ ಮಾತ್ರ ಇದೆ.

ಸ್ಪ್ರಿಂಗ್ ತಕ್ಕಡಿಯನ್ನು ಬಳೆಗೆ ಕಟ್ಟಿ ಎಳೆದು ನೋಡಿದೆ. ಸಿಮೆಂಟ್ ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿದ್ದಾಗ ಚಕ್ರ ಅಲುಗಲಿಕ್ಕೆ 14 ಕೆಜಿ. ಅದನ್ನೇ ಗುಬುಟಿನಲ್ಲಿ ಎಳೆದರೆ 17 ದಾಟುತ್ತಿತ್ತು. ಭಾವ ಪಕ್ಕದಲ್ಲಿ ನಿಂತು ಕವಳ ಜಗಿಯುತ್ತಾ ನೋಡುತ್ತಿದ್ದ. "ಸುಮ್ನೆ ಹೊಸ ಟ್ರ್ಯಾಕ್ಟರ್ ತಗ ಮಾರಾಯ" ಅಂದ. ಅವನಿಗೇನು, ಹೇಳುತ್ತಾನೆ.

ದಿನ 6ರಿಂದ 9

ಹಾಗಾದರೆ 14 ಕೆಜಿ ಯಾಕೆ ಬರುತ್ತಿದೆ? ಗಾಳಿ ನೋಡಿದೆ. ಮುಂದಿನ ಎಡ ಟೈರಿನಲ್ಲಿ 14 ಪಿಎಸ್‌ಐ, ಬಲದಲ್ಲಿ 19. ನನ್ನ ಗಾಡಿಯ ಪುಸ್ತಕದಲ್ಲಿರುವುದು 28. ಗಾಳಿ ಕಡಿಮೆ ಆದರೆ ಟೈರ್ ನೆಲಕ್ಕೆ ಅಗಲವಾಗಿ ಅಂಟಿಕೊಳ್ಳುತ್ತದೆ, ನಿಂತಲ್ಲೇ ತಿರುಗಿಸುವುದು ಅಂದರೆ ರಬ್ಬರನ್ನು ನೆಲಕ್ಕೆ ಉಜ್ಜಿದ ಹಾಗೆ. ಇಷ್ಟು ದಿನ ಇದನ್ನು ನೋಡದೆ ಗುಬುಟು ಖರೀದಿಸಿದ್ದಕ್ಕೆ ನನಗೇ ನಾಚಿಕೆ.

ಆಮೇಲೆ ಗ್ರೀಸ್. ಮುಂದಿನ ಆಕ್ಸಲ್ಲಿನ ಎರಡೂ ಕಿಂಗ್‌ಪಿನ್ನಿಗೆ (ಗಾಲಿ ಎಡಬಲ ತಿರುಗುವುದು ಈ ಪಿನ್ನಿನ ಮೇಲೆ) ಗ್ರೀಸ್ ತುಂಬುವ ನಿಪ್ಪಲ್ ಇದೆ. ಗನ್ ಹಚ್ಚಿ ಒತ್ತಿದರೆ ಗ್ರೀಸ್ ಒಳಗೆ ಹೋಗದೆ ನಿಪ್ಪಲ್ ಸುತ್ತಲೇ ಉಕ್ಕುತ್ತಿತ್ತು. ಪೇಟೆಯ ಒಬ್ಬ ಹಳೇ ಮೆಕ್ಯಾನಿಕ್ ಹೇಳಿಕೊಟ್ಟ ಉಪಾಯ: ಮುಂದಿನ ಆಕ್ಸಲ್ಲಿಗೆ ಜಾಕ್ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ, ಆಮೇಲೆ ಒತ್ತು. ಭಾರ ಮೇಲಿದ್ದಾಗ ಪಿನ್ನು ಒಂದು ಕಡೆ ಒತ್ತಿಕೊಂಡಿರುತ್ತದೆ, ಗ್ರೀಸಿಗೆ ಬೇಕಾದಲ್ಲೇ ದಾರಿ ಇರುವುದಿಲ್ಲ. ಎತ್ತಿದ ಮೇಲೆ ಸ್ಟೇರಿಂಗ್ ಚಕ್ರವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಒತ್ತಿದೆ, ಮೊದಲು ಕಂದು ನೀರು ಬಂತು, ಆಮೇಲೆ ತುಕ್ಕಿನ ಕೆಸರು, ಆಮೇಲೆ ಹಳೇ ಬೆಲ್ಲದಂಥ ಗ್ರೀಸ್, ಕೊನೆಗೆ ಹೊಸದು ಇಣುಕಿತು. ನಮ್ಮ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ಒದ್ದೆ ಕೊಟ್ಟಿಗೆ ಪಕ್ಕ ನಿಂತಿರುತ್ತದೆ, ಇನ್ನೇನಾಗುತ್ತದೆ? ಸ್ಟೇರಿಂಗ್ ರಾಡಿನ ಬುಡದ ಗೇರ್ ಪೆಟ್ಟಿಗೆ, ಅಂದರೆ ಸ್ಟೇರಿಂಗ್ ಬಾಕ್ಸಿನಲ್ಲೂ ಗೇರ್ ಆಯಿಲ್ ಕೆಳಗಿತ್ತು, ಮಟ್ಟಕ್ಕೆ ತುಂಬಿದೆ.

ಮತ್ತೆ ತಕ್ಕಡಿ ಕಟ್ಟಿದೆ. ನಿಂತಲ್ಲಿ 8.5 ಕೆಜಿ. ಆಮೆಯ ಹಾಗೆ ಉರುಳುತ್ತಿರುವಾಗ 3 ಕೆಜಿ ಆಸುಪಾಸು. ಇಷ್ಟಕ್ಕೆ ಬೇಕಾದದ್ದು ಒಂದು ಗ್ರೀಸ್ ಡಬ್ಬಿ, ಸ್ವಲ್ಪ ಎಣ್ಣೆ, ಪಂಪು. ನಿಂತಲ್ಲೇ ತಿರುಗಿಸುವ ಚಟ ಬಿಟ್ಟು, ಒಂದು ಗೇಣು ಉರುಳಿಸುತ್ತಾ ತಿರುಗಿಸಿದರೆ ಅರ್ಧ ಕೆಲಸ ಗಾಲಿಯೇ ಮಾಡುತ್ತದೆ.

ದಿನ 11

ಈಗ ಬುಗುರಿಯ ನಿಜವಾದ ರುಚಿ ಸಿಕ್ಕಿತು. ಅಂಗಳದಲ್ಲಿ ಮೊದಲ ಗೇರು, ಟ್ರಾಲಿ ಹಿಂದೆ, ಎಡಗೈಯಲ್ಲಿ ಮೂರೂವರೆ ಸುತ್ತು ಸರ್ರಂತ. ಕೈ ಬದಲಿಸುವುದಿಲ್ಲ, ಬಳೆ ಬಿಟ್ಟು ಹಿಡಿಯುವುದಿಲ್ಲ, ಕಣ್ಣು ಟ್ರಾಲಿಯ ಮೂಲೆಯಿಂದ ತೆಗೆಯುವುದೇ ಬೇಡ. ಗೊಬ್ಬರಗುಂಡಿಗೆ ರಿವರ್ಸ್ ಹಾಕಲಿಕ್ಕೆ ಮೊದಲು ನಾಲ್ಕೈದು ಸಲ ಹಿಂದೆ ಮುಂದೆ ಮಾಡುತ್ತಿದ್ದೆ, ಈಗ ಎರಡು. ಖುಷಿಯಲ್ಲಿ ಮಗಳನ್ನು ಕರೆದು ತೋರಿಸಿದೆ. ಅವಳು ಬುಗುರಿಗೆ ಕೆಂಪು ನೈಲ್ ಪಾಲಿಶ್ ಹಚ್ಚಿದಳು.

ದಿನ 19

ತೋಟದ ದಾರಿ ಇಳಿಯುತ್ತಿದ್ದೆ. ಟ್ರಾಲಿ ತುಂಬ ಗೊಬ್ಬರ, ಎರಡನೇ ಗೇರು, ಎಡಗೈ ಗುಬುಟಿನ ಮೇಲೆ. ದಾರಿ ಬದಿಗೆ ಕಟ್ಟಿದ್ದ ಚಿರೆಕಲ್ಲೊಂದು ಮಳೆಗೆ ಸಡಿಲಾಗಿ ಒಳಕ್ಕೆ ಸರಿದಿತ್ತು, ಮೇಲೆ ದರಕು (ಒಣಗಿ ಬಿದ್ದ ಎಲೆ) ಮುಚ್ಚಿತ್ತು. ಎಡ ಮುಂದಿನ ಗಾಲಿ ಅದಕ್ಕೆ ಬಡಿಯಿತು.

ಆಮೇಲಿನದು ನನಗೆ ಸರಿಯಾಗಿ ಕಾಣಿಸಲೇ ಇಲ್ಲ. ಸ್ಟೇರಿಂಗ್ ನನ್ನ ಕೈಯಿಂದ ಕಿತ್ತುಕೊಂಡು ಅರ್ಧ ಸುತ್ತಿಗಿಂತ ಜಾಸ್ತಿ ತಿರುಗಿತು. ತಿರುಗುತ್ತಾ ಗುಬುಟು ಬಂದು ಮಣಿಕಟ್ಟಿನ ಮೇಲೆ ಸುತ್ತಿಗೆಯ ಹಾಗೆ ಬಡಿಯಿತು. ಕ್ಲಚ್, ಬ್ರೇಕ್ ಒಟ್ಟಿಗೆ ತುಳಿದೆ, ಟ್ರ್ಯಾಕ್ಟರಿನಲ್ಲಿ ಹಿಂದಿನ ಎಡ ಗಾಲಿಗೊಂದು, ಬಲ ಗಾಲಿಗೊಂದು ಬೇರೆ ಬೇರೆ ಬ್ರೇಕ್ ಪೆಡಲ್, ಪುಣ್ಯಕ್ಕೆ ಎರಡನ್ನೂ ಜೋಡಿಸುವ ಕೊಂಡಿ ಹಾಕಿತ್ತು. ಕೊಂಡಿ ಬಿಚ್ಚಿ ಒಂದೇ ಕಡೆಯ ಬ್ರೇಕ್ ತುಳಿದಿದ್ದರೆ ಆ ಇಳಿಜಾರಿನಲ್ಲಿ ಗಾಡಿ ಪಕ್ಕಕ್ಕೆ ಎಳೆದುಕೊಂಡು ಅಡಿಕೆ ಮರಕ್ಕೆ ಹೋಗುತ್ತಿತ್ತು. ವಾಚಿನ ಗಾಜು ಪುಡಿ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ ಅಂತ ಬಂತು, ಆದರೆ ಎಂಟು ದಿನ ಕೈ ಬದನೆಕಾಯಿ ಬಣ್ಣ.

ಹೀಗೆ ಯಾಕೆ ಆಗುತ್ತದೆ ಅಂದರೆ, ಪವರ್ ಇಲ್ಲದ ಸ್ಟೇರಿಂಗಿನಲ್ಲಿ ಗಾಲಿಯಿಂದ ನಿಮ್ಮ ಕೈವರೆಗೆ ಪೂರ್ತಿ ಕಬ್ಬಿಣದ ಸರಪಳಿ: ಎರಡು ಮುಂದಿನ ಗಾಲಿ ಜೋಡಿಸುವ ಟೈರಾಡ್, ಅಲ್ಲಿಂದ ಸ್ಟೇರಿಂಗ್ ಬಾಕ್ಸಿಗೆ ಬರುವ ಡ್ರ್ಯಾಗ್ ಲಿಂಕ್, ಬಾಕ್ಸಿನ ಗೇರು, ಸ್ಟೇರಿಂಗ್ ರಾಡು. ನೀವು ಗಾಲಿಯನ್ನು ತಿರುಗಿಸಿದ ಹಾಗೆ ಗಾಲಿಯೂ ನಿಮ್ಮನ್ನು ತಿರುಗಿಸಬಲ್ಲದು. ಬರೀ ಬಳೆ ಹಿಡಿದಿದ್ದರೆ ಅದು ಅಂಗೈಯಲ್ಲಿ ಜಾರಿ ಹೋಗುತ್ತದೆ. ಅದಕ್ಕೇ ಹಳೇ ಡ್ರೈವರುಗಳು ಹೆಬ್ಬೆರಳನ್ನು ಬಳೆಯ ಒಳಗೆ ಸಿಕ್ಕಿಸಬೇಡ, ಹೊರಗಿಡು ಅಂತ ಬಯ್ಯುವುದು, ಒಳಗಿದ್ದರೆ ಸ್ಟೇರಿಂಗಿನ ಅಡ್ಡ ಕಡ್ಡಿ ಬಂದು ಹೆಬ್ಬೆರಳು ಮುರಿಯುತ್ತದೆ. ಗುಬುಟು ಇದ್ದರೆ ಜಾರುವ ಮಾತೇ ಇಲ್ಲ, ತಿರುಗುವ ಚಕ್ರದ ಮೇಲೆ ನಾವೇ ಒಂದು ಸುತ್ತಿಗೆ ಕಟ್ಟಿದ ಹಾಗೆ. ಪೂರ್ತಿ ಹೈಡ್ರಾಲಿಕ್ ಸ್ಟೇರಿಂಗ್ ಇರುವ ಗಾಡಿಯಲ್ಲಿ ಚಕ್ರಕ್ಕೂ ಗಾಲಿಗೂ ನಡುವೆ ಎಣ್ಣೆ ಇರುತ್ತದೆ, ಪೆಟ್ಟು ಅಲ್ಲೇ ಅಡಗುತ್ತದೆ. ಫೋರ್ಕ್‌ಲಿಫ್ಟಿನವರು ಆರಾಮಾಗಿ ತಿರುಗಿಸುವುದು ಅದಕ್ಕೇ.

ಕೈಗೆ ಐಸು ಇಟ್ಟುಕೊಂಡು ಕೂತಾಗ ಓದಿದ್ದು: ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ, ಕಟ್ಟಡ ಕೆಲಸದ ಲಿಫ್ಟ್ ಟ್ರಕ್ಕುಗಳಿಗೆ ಬರೆದ ನಿಯಮದಲ್ಲಿ ಇದನ್ನೇ ಹೇಳಿದೆ. ನೆಲದ ಪೆಟ್ಟಿಗೆ ಸ್ಟೇರಿಂಗ್ ಚಕ್ರ ತಾನಾಗಿ ತಿರುಗದಂಥ ಗಾಡಿಗೆ ಮಾತ್ರ ಗುಬುಟು ಹಾಕಬೇಕು, ಅದೂ ಬಳೆಯ ಒಳಗಿನ ಸುತ್ತಿನಲ್ಲೇ ಕೂರಬೇಕು. ಎರಡನೆಯದನ್ನು ಮಾಡಿದ್ದೆ, ಮೊದಲನೆಯದು ಗೊತ್ತಿರಲಿಲ್ಲ. ಅಲ್ಲಿ ಜನ ಇದಕ್ಕೆ ಇಟ್ಟ ಅಡ್ಡಹೆಸರೇ ಸೂಸೈಡ್ ನಾಬ್. ಇನ್ನೊಂದು ಹೆಸರು ಬ್ರೋಡಿ ನಾಬ್, 1886ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಿಂದ ಹಾರಿ ಬದುಕಿದೆ ಅಂತ ಹೇಳಿಕೊಂಡು ತಿರುಗಿದ ಸ್ಟೀವ್ ಬ್ರೋಡಿ ಎಂಬವನ ಹೆಸರು ಅದು. ಇಷ್ಟೆಲ್ಲ ಹೆಸರು ಇಟ್ಟ ಮೇಲೂ ನಾನು ಮೊದಲೇ ಓದಲಿಲ್ಲ, ಅಲ್ವಾ!

ದಿನ 28, ಈಗಿನ ಸ್ಥಿತಿ

ಪೂರ್ತಿ ಕಿತ್ತು ಬಿಸಾಡಲಿಲ್ಲ. ಮನೆಯಲ್ಲಿ ಎಲ್ಲರ ಒತ್ತಾಯ ಅದೇ ಆಗಿತ್ತು, ಆದರೆ ಅಂಗಳದಲ್ಲಿ ಅದರ ಉಪಯೋಗ ನೋಡಿದ ಮೇಲೆ ಮನಸ್ಸು ಬರಲಿಲ್ಲ. ಪಿನ್ ಒತ್ತಿದರೆ ಮೇಲಿನ ಗುಬುಟು ಕಳಚಿ ಬರುವ, ಕ್ಲ್ಯಾಂಪ್ ಮಾತ್ರ ಚಕ್ರದಲ್ಲಿ ಉಳಿಯುವ ಇನ್ನೊಂದು ಜಾತಿ ಸಿಗುತ್ತದೆ, ಅದನ್ನು ಹಾಕಿದೆ. ಇದರೊಳಗೆ ಬಾಲ್ ಬೇರಿಂಗ್ ಇದೆ, ಹಳೆಯದರ ಪ್ಲಾಸ್ಟಿಕ್ ಬುಶ್ ಹದಿನೈದೇ ದಿನಕ್ಕೆ ಕಿರುಗುಟ್ಟಲು ಶುರು ಮಾಡಿತ್ತು. ಉಳಿದ ಮೋಟು ಎರಡು ಬೆರಳು ಎತ್ತರ, ಅದಕ್ಕೂ ಟ್ಯೂಬ್ ಸುತ್ತಿದ್ದೇನೆ.

ಸಿಮೆಂಟ್ ಅಂಗಳ, ಮೊದಲ ಗೇರು, ಗುಬುಟು ಇರಲಿ. ಅಂಗಳದ ಗೇಟು ದಾಟುವ ಮೊದಲು ಕಳಚಿ ಗೇಟಿನ ಕಂಬದ ಮೊಳೆಗೆ ನೇತುಹಾಕಬೇಕು, ಪೇಟೆಗೆ ಹೋಗುವಾಗಲೂ ಅಷ್ಟೇ. ಮೊಳೆ ಗೇಟಿನಲ್ಲೇ ಇರುವುದು ಬೇಕಂತಲೇ, ಶೆಡ್ಡಿನಲ್ಲಿ ಹಾಕಿದ್ದರೆ ನಾನು ಮರೆಯುತ್ತಿದ್ದೆ. ತೋಟದ ತಿರುವಿನಲ್ಲಿ ಹಳೇ ಪದ್ಧತಿ, ಎರಡು ಕೈ ಬಳೆ ಮೇಲೆ, ಹೆಬ್ಬೆರಳು ಹೊರಗೆ. ಕೆಸರಿನ ಸಮತಟ್ಟು ಜಾಗದಲ್ಲಿ ಮುಂದಿನ ಗಾಲಿ ಜಾರಿ ಗಾಡಿ ನೇರ ಹೋದರೆ ಕೊಂಡಿ ಬಿಚ್ಚಿ ಒಳಬದಿಯ ಬ್ರೇಕ್ ಮೆಲ್ಲಗೆ ಮುಟ್ಟಿಸುವುದು, ಅಲ್ಲಿ ಬುಗುರಿ ಇದ್ದರೂ ಏನೂ ಉಪಯೋಗ ಇಲ್ಲ, ಗಾಲಿಯೇ ಮಾತು ಕೇಳದಿದ್ದರೆ ಚಕ್ರ ಎಷ್ಟು ಬೇಗ ತಿರುಗಿಸಿ ಏನು?

ಭುಜ ಈಗ ಪರವಾಗಿಲ್ಲ. ಅದರ ಪುಣ್ಯ ಮುಕ್ಕಾಲು ಪಾಲು ಗ್ರೀಸಿಗೆ.

ಬಾಕಿ ಇರುವುದು: ಆ ಕಲ್ಲಿನ ಪೆಟ್ಟಿಗೆ ಎಡಗಡೆ ಟೈರಾಡ್ ಎಂಡಿನಲ್ಲಿ ಆಟ ಬಂದಿದೆ, ಸ್ಟೇರಿಂಗ್ ಮೂರು ಬೆರಳಿನಷ್ಟು ಖಾಲಿ ಓಡುತ್ತದೆ. ಹೊಸದು ಹೇಳಿಟ್ಟಿದ್ದೇನೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವುದರೊಳಗೆ ಹಾಕಿ ಮುಗಿಸಬೇಕು, ಚಿರೆಕಲ್ಲನ್ನೂ ಮತ್ತೆ ಸಾಲಿಗೆ ಸೇರಿಸಬೇಕು. ಹಳೇ ಬುಗುರಿಯನ್ನು ಭಾವ ಕೇಳಿಕೊಂಡು ಹೋದ. ಅವನ ಹತ್ತಿರ ಇರುವುದು ಪವರ್ ಟಿಲ್ಲರ್, ಸ್ಟೇರಿಂಗ್ ಚಕ್ರವೇ ಇಲ್ಲ. ಯಾವುದಕ್ಕೆ ಹಾಕುತ್ತಾನೆ ಅಂತ ಕೇಳಿದರೆ ನಗುತ್ತಾನೆ.