ಪಾದ್ರಿಯ ಎದುರು ಕೂತವರಿಗೂ ಬುದ್ಧಿಯಿರಲಿ

ಪ್ರಕಾಶನಕ್ಕೆ ಬರುವ ಹಸ್ತಪ್ರತಿಗಳನ್ನು ಮೊದಲು ಓದಿ, ಅಚ್ಚಿಗೆ ತಕ್ಕದ್ದೋ ಅಲ್ಲವೋ ಎಂದು ವರದಿ ಬರೆದುಕೊಡುವುದು ನನ್ನ ಕೆಲಸ. ನನ್ನ ಪಾಲಿಗೆ ಬರುವುದು ವೈಜ್ಞಾನಿಕ ಕಾದಂಬರಿಗಳು, ಅದರಲ್ಲೂ ಕ್ರೈಸ್ತ ನಂಬಿಕೆಯ ಸುತ್ತ ಕಟ್ಟಿದವು. ಹೀಗೊಂದು ಪ್ರಕಾರ ಇದೆಯೇ ಎಂದು ಹುಬ್ಬೇರಿಸುವವರಿದ್ದಾರೆ. ಇದೆ, ನೂರು ವರ್ಷಕ್ಕೂ ಹಳೆಯದು. ರಾಬರ್ಟ್ ಹ್ಯೂ ಬೆನ್ಸನ್ ಎಂಬ ಕ್ಯಾಥೊಲಿಕ್ ಪಾದ್ರಿ 1907ರಲ್ಲೇ 'ಲಾರ್ಡ್ ಆಫ್ ದಿ ವರ್ಲ್ಡ್' ಬರೆದು, ದೇವರನ್ನು ಬದಿಗೆ ಸರಿಸಿದ ಮುಂದಿನ ಕಾಲವೊಂದನ್ನು ಕಲ್ಪಿಸಿದ್ದರು.

ಇಷ್ಟು ಕಾಲ ಓದಿದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಒಂದೇ: ಈ ಬಗೆಯ ಹಸ್ತಪ್ರತಿ ಹದಗೆಡುವುದು ಬಹುಪಾಲು ನಂಬದವನ ಪಾತ್ರದಲ್ಲಿ.

ಅದೇಕೋ ಎಲ್ಲ ಹಸ್ತಪ್ರತಿಗಳಲ್ಲೂ ಅವನೊಬ್ಬನೇ. ಅಂತರಿಕ್ಷ ನೌಕೆಯಲ್ಲಿ ಒಬ್ಬ ಪಾದ್ರಿ, ಒಬ್ಬ ನಾಸ್ತಿಕ ವಿಜ್ಞಾನಿ. ವಿಜ್ಞಾನಿ ಮಾತೆತ್ತಿದರೆ ಕೊಂಕು. "ಎಲ್ಲಿದ್ದಾನ್ರೀ ನಿಮ್ಮ ದೇವರು, ದೂರದರ್ಶಕದಲ್ಲಿ ತೋರಿಸಿ ನೋಡೋಣ" ಎನ್ನುತ್ತಾನೆ. ಪಾದ್ರಿ ಶಾಂತವಾಗಿ ಎರಡು ಪುಟ ಉತ್ತರ ಕೊಡುತ್ತಾನೆ. ಎಂಜಿನ್ ಕೆಡುತ್ತದೆ, ಆಮ್ಲಜನಕ ಸೋರುತ್ತದೆ, ವಿಜ್ಞಾನಿ ಮೊಣಕಾಲೂರುತ್ತಾನೆ. ಬೆಳಕಿನ ವೇಗಕ್ಕೆ ಹತ್ತಿರ ಹೋಗುವ ನೌಕೆಯನ್ನು ಕಟ್ಟಿದ ತಲೆ, ಶಾಲೆಯ ಹುಡುಗನೂ ಮರುಪ್ರಶ್ನೆ ಹಾಕಬಹುದಾದ ಮಾತಿಗೆ ತೆಪ್ಪಗಾಗುತ್ತದೆ.

ಇದನ್ನು ಹಿಡಿಯಲು ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲ ಓದು ಮುಗಿದ ಕೂಡಲೇ ಪೆನ್ಸಿಲ್ ತೆಗೆದುಕೊಂಡು, ನಂಬದ ಪಾತ್ರದ ಮಾತುಗಳನ್ನಷ್ಟೇ ಪುಟಸಂಖ್ಯೆ ಸಮೇತ ಬೇರೆ ಹಾಳೆಗೆ ಇಳಿಸುತ್ತೇನೆ. ಪಾದ್ರಿಯ ಉತ್ತರಗಳು ಬೇಡ, ನಿರೂಪಕನ ವ್ಯಾಖ್ಯಾನವೂ ಬೇಡ. ಆಮೇಲೆ ಆ ಹಾಳೆಯೊಂದನ್ನೇ ಓದುತ್ತೇನೆ. ಅಲ್ಲೊಬ್ಬ ಮನುಷ್ಯ ಕಂಡರೆ, ಅವನಿಗೊಂದು ಹಿಂದಣ ಬದುಕಿದ್ದರೆ, ಅವನ ಒಂದಾದರೂ ಮಾತು ನನ್ನನ್ನು ತಡೆದು ನಿಲ್ಲಿಸಿದರೆ ಹಸ್ತಪ್ರತಿಗೆ ಜೀವವಿದೆ ಎಂದರ್ಥ. ಹಾಳೆಯ ತುಂಬ ಪಾದ್ರಿಯ ಬಾಯಿ ಬಿಡಿಸುವ ಪ್ರಶ್ನೆಗಳೇ ಇದ್ದರೆ, ಕಾದಂಬರಿ ಎಂದು ಬಂದಿರುವುದು ಚರ್ಚಿನ ಉಪದೇಶ. ಭಾನುವಾರ ಪೀಠದಿಂದ ಹೇಳಲು ಅದು ಚೆನ್ನಾಗಿಯೇ ಇರಬಹುದು.

ಲೇಖಕರ ಜೊತೆ ಮಾತಿಗೆ ಕೂತಾಗ ನಾನು ಮುಂದಿಡುವ ಪುಸ್ತಕ ವಾಲ್ಟರ್ ಎಂ. ಮಿಲ್ಲರ್ ಜೂನಿಯರ್ ಅವರ 'ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್'. ವೈಜ್ಞಾನಿಕ ಕಥನಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿಯನ್ನು 1961ರಲ್ಲಿ ಪಡೆದ ಕಾದಂಬರಿ. ಅಣುಯುದ್ಧದಲ್ಲಿ ನಾಗರಿಕತೆ ಸುಟ್ಟುಹೋದ ಮೇಲೆ ಮರುಭೂಮಿಯ ಮಠವೊಂದರ ಸನ್ಯಾಸಿಗಳು ಅಳಿದುಳಿದ ಕಾಗದಗಳನ್ನು ಅರ್ಥವಾಗದೆಯೂ ನಕಲು ಮಾಡಿ ಕಾಯುತ್ತಾರೆ. ಅವುಗಳಲ್ಲಿ ಒಂದು, ಯಾರೋ ಅಂಗಡಿಗೆ ಹೊರಟಾಗ ಬರೆದುಕೊಂಡ ಸಾಮಾನಿನ ಚೀಟಿ. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ ಚೀಟಿಯನ್ನು. ನಾನು ತೆಗೆದು ತೋರಿಸುವುದು ಮೂರನೆಯ ಭಾಗವನ್ನು.

ಅಲ್ಲಿ ಮತ್ತೆ ಬಾಂಬು ಬಿದ್ದಿದೆ. ವಿಕಿರಣಕ್ಕೆ ಸಿಕ್ಕಿ ಬದುಕುವ ಭರವಸೆಯೇ ಇಲ್ಲದವರಿಗೆ ಸರ್ಕಾರ ನೋವಿಲ್ಲದ ಸಾವನ್ನು ಕೊಡುತ್ತಿದೆ. ಮಠದ ಮುಖ್ಯಸ್ಥ ಝೆರ್ಕಿ ಅದನ್ನು ವಿರೋಧಿಸುತ್ತಾನೆ. ಅವನೆದುರು ನಿಲ್ಲುವ ವೈದ್ಯ ದುಷ್ಟನಲ್ಲ, ಕೊಂಕು ನುಡಿಯುವವನೂ ಅಲ್ಲ. ನಿದ್ದೆಗೆಟ್ಟು ರೋಗಿಗಳನ್ನು ನೋಡಿಕೊಳ್ಳುತ್ತಿರುವವನು. ತನಗೆ ಗೊತ್ತಿರುವ ಕೆಡುಕು ನೋವೊಂದೇ ಎಂಬುದು ಅವನ ನಿಲುವು. ಮೈಯೆಲ್ಲ ಬೆಂದ ಮಗುವನ್ನು ಎತ್ತಿಕೊಂಡ ತಾಯಿಯೊಬ್ಬಳು ಇವರಿಬ್ಬರ ನಡುವೆ ಇದ್ದಾಳೆ. ಝೆರ್ಕಿ ಅವಳಿಗೆ ಬುದ್ಧಿ ಹೇಳುತ್ತಾನೆ, ಬೇಡುತ್ತಾನೆ, ದೇವರ ಹೆಸರಲ್ಲಿ ಆಜ್ಞೆಯನ್ನೂ ಮಾಡುತ್ತಾನೆ. ತಡೆಯಲು ಆಗುವುದಿಲ್ಲ. ಕೊನೆಗೆ ತಾಳ್ಮೆ ತಪ್ಪಿ ವೈದ್ಯನ ಮುಖಕ್ಕೆ ಗುದ್ದುತ್ತಾನೆ. ವಾದದಲ್ಲಿ ಗೆದ್ದವನು ಕೈ ಎತ್ತುವುದಿಲ್ಲ ಎಂಬುದು ಮಿಲ್ಲರ್‌ಗೆ ಗೊತ್ತಿತ್ತು. ಅಷ್ಟಕ್ಕೇ ಬಿಡದೆ ಝೆರ್ಕಿಯನ್ನು ಕುಸಿದ ಕಟ್ಟಡದ ಕಲ್ಲುಗಳಡಿ ಸಿಕ್ಕಿಸುತ್ತಾರೆ. ಬೇರೆಯವರಿಗೆ ಸಹಿಸಿಕೋ ಎಂದಿದ್ದನ್ನು ಅವನು ತನ್ನ ಮೈಯಲ್ಲೇ ಸಹಿಸಬೇಕಾಗುತ್ತದೆ. ಲೇಖಕರ ಒಲವು ಯಾರ ಕಡೆಗಿದೆ ಎಂಬುದು ಗುಟ್ಟೇನಲ್ಲ. ಆದರೂ ಪುಸ್ತಕ ಮುಚ್ಚಿದ ಮೇಲೆ ವೈದ್ಯನ ಮಾತು ಕಿವಿಯಲ್ಲಿ ಉಳಿಯುತ್ತದೆ.

ಮಿಲ್ಲರ್ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿಯಾಗಿದ್ದವರು. ಇಟಲಿಯ ಮಾಂಟೆ ಕಸೀನೋ ಮಠವನ್ನು 1944ರಲ್ಲಿ ನೆಲಸಮ ಮಾಡಿದ ದಾಳಿಯಲ್ಲಿ ಅವರೂ ಇದ್ದರು. ಕ್ಯಾಥೊಲಿಕ್ ಆದದ್ದು ಯುದ್ಧದ ನಂತರ. ಎದುರಾಳಿಗೆ ಅಷ್ಟು ತೂಕದ ಮಾತು ಕೊಡಲು ಈ ಬದುಕೂ ಒಂದು ಕಾರಣವಿರಬೇಕು ಎನ್ನುವುದು ನನ್ನ ಊಹೆ.

ಲೇಖಕರು ನನಗೆ ತಿರುಗಿ ತೋರಿಸುವುದು ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಅವರನ್ನು. ಮಂಗಳಗ್ರಹದಲ್ಲಿ ನಡೆಯುವ ಅವರ ಕಾದಂಬರಿ 'ಔಟ್ ಆಫ್ ದಿ ಸೈಲೆಂಟ್ ಪ್ಲಾನೆಟ್' 1938ರಲ್ಲಿ ಬಂದಾಗ, ಅರವತ್ತರಷ್ಟು ವಿಮರ್ಶೆಗಳಲ್ಲಿ ಎರಡಕ್ಕೆ ಮಾತ್ರ ಅದರ ಹಿಂದಿನ ಕ್ರೈಸ್ತ ಕಥೆ ಹೊಳೆದಿತ್ತಂತೆ. ಹೀಗಾದರೆ ಕಥೆಯ ಮರೆಯಲ್ಲಿ ಎಷ್ಟು ದೇವತಾಶಾಸ್ತ್ರವನ್ನಾದರೂ ಒಳಸಾಗಿಸಬಹುದು ಎಂಬರ್ಥದಲ್ಲಿ ಮರುವರ್ಷ ಅವರು ಪತ್ರವೊಂದರಲ್ಲಿ ಬರೆದರು. ನಮ್ಮ ಲೇಖಕರು ಇದನ್ನೇ ಪರವಾನಗಿ ಎಂದುಕೊಂಡುಬಿಟ್ಟಿದ್ದಾರೆ. ಆ ಪುಸ್ತಕದ ವಿಜ್ಞಾನಿ ವೆಸ್ಟನ್, ನನ್ನ ಹಾಳೆಯ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಅವನ ದೊಡ್ಡ ಭಾಷಣವನ್ನು ನಾಯಕ ರ‍್ಯಾನ್ಸಮ್ ಮಂಗಳದವರ ಭಾಷೆಗೆ ತಿರುಗಿಸುತ್ತ ಹೋದಂತೆ ಅದು ನಗೆಪಾಟಲಾಗುತ್ತದೆ. ದೃಶ್ಯ ಸೊಗಸಾಗಿದೆ, ಸ್ಪರ್ಧೆ ಮಾತ್ರ ಸಮಬಲದ್ದಲ್ಲ. ಲೂಯಿಸ್‌ರ ವಿಜ್ಞಾನಿಗಳ ಚಿತ್ರಣ ಅನ್ಯಾಯದ್ದು ಎಂದು ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1946ರಲ್ಲಿ ಖಾರವಾಗಿಯೇ ಬರೆದರು. ಅದರಲ್ಲಿ ಹುರುಳಿದೆ.

ಆದರೆ ಅದರ ಮುಂದಿನ ಪುಸ್ತಕ, 1943ರ 'ಪೆರೆಲಾಂಡ್ರ'ಕ್ಕೆ ಬನ್ನಿ. ಶುಕ್ರಗ್ರಹದ ತೇಲುವ ದ್ವೀಪಗಳಲ್ಲಿ, ಪಾಪವನ್ನೇ ಅರಿಯದ ಮೊದಲ ಹೆಣ್ಣಿನ ಎದುರು ಸೈತಾನ ವೆಸ್ಟನ್‌ನ ಮೈ ಹೊಕ್ಕು ವಾದಕ್ಕೆ ಕೂರುತ್ತಾನೆ. ದಿನಗಟ್ಟಲೆ ನಡೆಯುವ ಈ ವಾದದಲ್ಲಿ ರ‍್ಯಾನ್ಸಮ್ ಸೋಲುತ್ತ ಬರುತ್ತಾನೆ. ಎದುರಾಳಿಗೆ ದಣಿವಿಲ್ಲ, ನಿದ್ದೆಯಿಲ್ಲ, ಉದಾಹರಣೆಗಳಿಗೆ ಕೊನೆಯಿಲ್ಲ. ಮಾತಿನಿಂದ ಆಗದು ಎಂದು ಗೊತ್ತಾಗಿ ರ‍್ಯಾನ್ಸಮ್ ಮೈಕೈ ಯುದ್ಧಕ್ಕಿಳಿಯುತ್ತಾನೆ. ಇದನ್ನು ಬರೆಯುವ ಹೊತ್ತಿಗೆ ಲೂಯಿಸ್ ಆಕ್ಸ್‌ಫರ್ಡಿನ ಸಾಕ್ರೆಟಿಕ್ ಕ್ಲಬ್ಬಿನ ಅಧ್ಯಕ್ಷರು, ನಂಬುವವರೂ ನಂಬದವರೂ ಎದುರುಬದುರು ಕೂತು ವಾದಿಸುತ್ತಿದ್ದ ಜಾಗವದು. ವಾದದಲ್ಲಿ ಪಳಗಿದ ಮನುಷ್ಯ ತನ್ನ ನಾಯಕನನ್ನು ವಾದದಲ್ಲೇ ಸೋಲಿಸಿದ್ದಾರೆ ಎಂಬುದನ್ನು ಲೇಖಕರಿಗೆ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ನಂಬಿಕಸ್ಥರೇ ಬರೆದರೆ ಚೆನ್ನ ಎಂಬ ಹಟವೂ ನನಗಿಲ್ಲ. 'ಎ ಕೇಸ್ ಆಫ್ ಕಾನ್ಷನ್ಸ್' ಬರೆದ ಜೇಮ್ಸ್ ಬ್ಲಿಷ್ ಅಜ್ಞೇಯವಾದಿ, ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರು. ದೇವರ ಸುದ್ದಿಯೇ ಇಲ್ಲದೆ ನೀತಿವಂತರಾಗಿ ಬಾಳುವ ಲೋಕವೊಂದನ್ನು ಅವರ ಜೆಸ್ಯೂಟ್ (ಕ್ಯಾಥೊಲಿಕ್ ಸನ್ಯಾಸಿಗಳ ಒಂದು ಸಂಘ) ಪಾದ್ರಿ ಕಾಣುತ್ತಾನೆ, ಇದು ಸೈತಾನನ ಸೃಷ್ಟಿ ಎಂಬ ತೀರ್ಮಾನಕ್ಕೆ ಬರುತ್ತಾನೆ. ಸೈತಾನನಿಗೆ ಸೃಷ್ಟಿಸುವ ಶಕ್ತಿಯಿದೆ ಎನ್ನುವುದೇ ಧರ್ಮಸಭೆಯ ಕಣ್ಣಲ್ಲಿ ಪಾಷಂಡ ಮತ. ಇಲ್ಲಿ ಎದುರಾಳಿ ಪಾದ್ರಿಯ ತಲೆಯೊಳಗೇ ಇದ್ದಾನೆ. ಮೇರಿ ಡೋರಿಯಾ ರಸೆಲ್ ಅವರ 'ದಿ ಸ್ಪ್ಯಾರೋ' (1996) ಇನ್ನೂ ಕಠಿಣ: ಅನ್ಯಗ್ರಹದಿಂದ ಒಬ್ಬನೇ ಮರಳಿದ ಜೆಸ್ಯೂಟ್, ಮೈಮನಸ್ಸು ಎರಡೂ ಮುರಿದು, ತನ್ನನ್ನು ಅಲ್ಲಿಗೆ ಕರೆದೊಯ್ದದ್ದು ದೇವರೇ ಆದರೆ ನಂತರ ನಡೆದದ್ದಕ್ಕೆ ಹೊಣೆ ಯಾರು ಎಂದು ತನ್ನ ಸಭೆಯ ಹಿರಿಯರೆದುರೇ ಕೇಳುತ್ತಾನೆ. ಕ್ಯಾಥೊಲಿಕ್ ಆಗಿ ಬೆಳೆದು, ಅದನ್ನು ಬಿಟ್ಟು, ಮುಂದೆ ಯಹೂದಿ ಧರ್ಮಕ್ಕೆ ಸೇರಿದ ಲೇಖಕಿ ಬರೆದ ಪುಸ್ತಕವಿದು.

ಮಾರಾಟ ವಿಭಾಗದವರು ನನ್ನ ಈ ತಕರಾರಿಗೆ ನಗುತ್ತಾರೆ. ಅವರ ಕೈಯಲ್ಲಿ ಲೋಕಾಂತ್ಯದ ಕ್ರೈಸ್ತ ಕಥೆ ಹೇಳುವ 'ಲೆಫ್ಟ್ ಬಿಹೈಂಡ್' ಸರಣಿಯ ಉದಾಹರಣೆ ಇದೆ. 1995ರಲ್ಲಿ ಶುರುವಾಗಿ 16 ಕಾದಂಬರಿ, 6 ಕೋಟಿಗೂ ಮೀರಿ ಪ್ರತಿ. ಅಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಓದುಗರಿಗೆ ಮೊದಲೇ ಗೊತ್ತು, ಅದಕ್ಕಾಗಿಯೇ ಕೊಳ್ಳುತ್ತಾರೆ. ಲೆಕ್ಕದಲ್ಲಿ ಅವರದೇ ಸರಿ, ವಾದಿಸಲು ಹೋಗುವುದಿಲ್ಲ. ಎರಡನೇ ಸಲ ಓದಿಸಿಕೊಳ್ಳುವ ಪುಸ್ತಕ ಯಾವುದು ಎಂದು ನನ್ನನ್ನು ಕೇಳಿದರೆ ಮಾತ್ರ ಉತ್ತರ ಬೇರೆ.

ಈಚೆಗೆ ಒಂದು ಹಸ್ತಪ್ರತಿಯ ಮೇಲೆ ಇದೇ ಟಿಪ್ಪಣಿ ಬರೆದು ಕಳಿಸಿದೆ. ಲೇಖಕಿ ಫೋನ್ ಮಾಡಿದರು.

"ಹಾಗಾದ್ರೆ ನನ್ನ ಪಾದ್ರಿ ಸೋಲಬೇಕು ಅಂತೀರಾ ಸಾರ್?"

"ಸೋಲೋದು ಬೇಡ ಮೇಡಂ. ಆ ಎಂಜಿನಿಯರ್ ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ಳಲಿ. ನೀವು ಅವಳನ್ನ ಅರ್ಧ ವಾಕ್ಯದಲ್ಲೇ ತಡೀತಿದೀರಿ."

ತಿದ್ದಿದ ಪ್ರತಿ ಬಂತು. ಗಾಳಿ ಸಾಲದ ನೆಲೆಯಲ್ಲಿ ಒಂದು ಗುಮ್ಮಟವನ್ನು ಮುಚ್ಚಿ ಉಳಿದವರನ್ನು ಉಳಿಸಿದ ಎಂಜಿನಿಯರ್‌ಗೆ ಈಗ ಒಂದಿಡೀ ಅಧ್ಯಾಯ ಸಿಕ್ಕಿದೆ. ಮುಚ್ಚಿದ ಗುಮ್ಮಟದಲ್ಲಿ ಇದ್ದವರ ಹೆಸರುಗಳನ್ನು ಅವಳು ಪಾದ್ರಿಗೆ ಒಂದೊಂದಾಗಿ ಓದಿ ಹೇಳುತ್ತಾಳೆ, ಇವರಲ್ಲಿ ಯಾರ ಪ್ರಾರ್ಥನೆ ಕಡಿಮೆಯಾಗಿತ್ತು ಎಂದು ಕೇಳುತ್ತಾಳೆ. ಮೊದಲ ಪ್ರತಿಯಲ್ಲಿ ಈ ಜಾಗದಲ್ಲಿದ್ದ ಪಾದ್ರಿಯ ಉದ್ದನೆಯ ಉತ್ತರ ಹೋಗಿದೆ. ಮರುದಿನ ಅವನು ಹೆಣಗಳನ್ನು ಹೊರತರಲು ಅವಳ ಜೊತೆ ಹೋಗುತ್ತಾನೆ, ಅಷ್ಟೇ. ಕೊನೆಯ ಅಧ್ಯಾಯದಲ್ಲಿ ಅವಳು ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗುವುದನ್ನು ಮಾತ್ರ ಲೇಖಕಿ ಬಿಟ್ಟುಕೊಟ್ಟಿಲ್ಲ. ತೆಗೆಯಿರಿ ಎಂದು ನಾನು, ಆಗುವುದಿಲ್ಲ ಎಂದು ಅವರು. ಆ ಸ್ನಾನಕ್ಕೆ ಅವಳು ಏಕೆ ಬಂದಳೆಂದು ಅವಳ ಬಾಯಲ್ಲೇ ಹೇಳಿಸಿ ಎಂದು ವಾಪಸ್ ಕಳಿಸಿದ್ದೇನೆ.